ಹೊಸ್ತಿಲ ತನಕದ ತಪಾಸಣೆ

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಾಹಿದಾ ಹುನಗುಂದದ ಒಂದು ಬೇಕರಿಯ ಹಿಂದಿನ ಕೋಣೆಯಲ್ಲಿ ಮೊಣಕಾಲೂರಿ ಕೂತು, ಒಲೆಯ ಪಕ್ಕದ ಸ್ವಿಚ್ ಬೋರ್ಡಿನ ಕೊನೆಯ ತಿರುಪು ಬಿಚ್ಚುತ್ತಿದ್ದಳು. ತಿರುಪಿನ ತಲೆ ಡಾಲ್ಡಾ ಜಿಡ್ಡಿನಲ್ಲಿ ಹೂತುಹೋಗಿತ್ತು. ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಬೋರ್ಡು ತೆರೆದಿರುವಾಗ ಫೋನು ಎತ್ತಬಾರದೆಂಬುದು ಅವಳ ನಿಯಮ. ಮೂರನೆಯ ಸಲ ಬಡಿದಾಗ ಮುಚ್ಚಳವನ್ನು ವಾಪಸು ಕೂರಿಸಿ, ಕೈ ಒರೆಸಿಕೊಂಡು ಎತ್ತಿದಳು.

ಇಳಕಲ್ಲಿನ ಶಂಕರಲಿಂಗ. ಸೀರೆ ಅಂಗಡಿಯವನು. ಊರಿನ ಅಂಚಿನಲ್ಲಿ ಅವನದೊಂದು ಚಾಳು ಇದೆ: ಒಂದಕ್ಕೊಂದು ಅಂಟಿಕೊಂಡ ಐದು ಬಾಡಿಗೆ ಮನೆಗಳು, ಹಿಂದೆ ಉದ್ದನೆಯ ಅಂಗಳ, ಅಂಗಳದ ಗೋಡೆಗುಂಟ ಹಾದುಹೋಗುವ ಕಬ್ಬಿಣದ ನೀರಿನ ಪೈಪು, ಆ ಪೈಪಿಗೆ ಮನೆಗೊಂದು ನಲ್ಲಿ.

“ನಾಹಿದಾ ಬಾಯಾರ, ಎಲ್ಲದೀರಿ? ನಮ್ಮ ಚಾಳಿನ್ಯಾಗ ರೂಬಿ ಅಂತ ಅದಾಳಲ್ಲ, ನಲ್ಲಿ ಮುಟ್ಟಿದ್ಲಂತ, ಎತ್ತಿ ಒಗೀತಂತ್ರಿ ಕರೆಂಟು.”

“ಹೆಂಗದಾಳ?”

“ಅರಾಮ ಅದಾಳ. ಕಾಲಾಗ ರಬ್ಬರ ಚಪ್ಪಲಿ ಇದ್ವು. ಕೈ ಜುಮುಜುಮು ಅಂತೈತಿ ಅಂತ ಕುಂತಾಳ.”

“ಇವತ್ತ ನೀರಿನ ಪಾಳಿ ಐತೇನ್ರಿ?”

“ಐತ್ರಿ. ವಾಲ್ವಮನ್ ಕಲ್ಲೇಶ ಹನ್ನೊಂದರ ಸುಮಾರ ಬಿಡ್ತೇನಂದಾನ.”

ನಾಹಿದಾ ಎದ್ದು ನಿಂತಳು. ಆ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ. ಬಂದಾಗ ಐದೂ ಮನೆಯ ಹೆಂಗಸರು ಬರಿಗಾಲಲ್ಲಿ, ಒದ್ದೆ ಅಂಗಳದಲ್ಲಿ, ಒಂದೇ ಪೈಪಿನ ಐದು ನಲ್ಲಿಗೆ ಕೈ ಹಾಕುತ್ತಾರೆ. ರೂಬಿಗೆ ಹೊಡೆದದ್ದು ಒಣ ನೆಲದ ಮೇಲೆ, ಚಪ್ಪಲಿ ಹಾಕಿದ್ದಾಗ. ಅದೇ ಪೆಟ್ಟು ಒದ್ದೆ ಬರಿಗಾಲಿನವಳಿಗೆ ಬಿದ್ದರೆ ಎತ್ತಿ ಒಗೆಯುವುದಿಲ್ಲ; ಕೈಯ ಸ್ನಾಯು ಬಿಗಿದುಕೊಂಡು ನಲ್ಲಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತದೆ, ಬಿಡುವುದಿಲ್ಲ.

“ಶಂಕರಲಿಂಗ ಅವರ, ನಲ್ಲಿ, ಪೈಪು ಯಾರೂ ಮುಟ್ಟಬಾರದು. ನಾ ಬರೂತನಕ ನೀವಽ ಅಲ್ಲಿ ಹೋಗಿ ನಿಂದರ್ರಿ.”

“ನಾನಾ? ಅಂಗಡ್ಯಾಗ ಗಿರಾಕಿ ಅದಾರ್ರಿ.”

“ಗಿರಾಕಿ ನಾಳಿನೂ ಬರ್ತಾರ್ರಿ. ಹೋಗ್ರಿ ಮೊದಲ.”

ಬೇಕರಿಯವನಿಗೆ ಮೇನ್ ಸ್ವಿಚ್ ಆರಿಸಿಯೇ ಇಡುವಂತೆ ಹೇಳಿ ಅವಳು ಸ್ಕೂಟರು ತೆಗೆದಳು. ಹುನಗುಂದದಿಂದ ಇಳಕಲ್ಲಿಗೆ ಹೆದ್ದಾರಿ ನೇರವಾಗಿದೆ. ಗ್ರಾನೈಟ್ ಹೊತ್ತ ಲಾರಿಗಳು ಮುಂದೆ ಹೋಗಲು ದಾರಿ ಕೊಡಲಿಲ್ಲ. ಅವಳು ಹಾರ್ನ್ ಮೇಲಿನ ಹೆಬ್ಬೆರಳು ತೆಗೆಯಲಿಲ್ಲ.

ನಾಹಿದಾ ಹುಟ್ಟಿದ್ದು ಇಳಕಲ್ಲಿನಲ್ಲಿಯೇ. ಅವಳ ತಂದೆ ಬಾಬುಸಾಬ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಕೊಡುವವನು; ಮನೆಯಲ್ಲಿ ಊಟದ ವಾಸನೆಗಿಂತ ವಾರ್ನಿಶ್ ವಾಸನೆ ಹೆಚ್ಚು. ಬಾಗಲಕೋಟೆಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ನವನಗರದ ಒಬ್ಬ ಗುತ್ತಿಗೆದಾರನ ಬಳಿ ಕೆಲವು ವರ್ಷ ದುಡಿದು, ಸೂಪರ್‌ವೈಸರ್ ಪರವಾನಗಿ ಪಡೆದ ಮೇಲೆ ಅವಳು ಒಂದು ಕೆಲಸವನ್ನೇ ಹಿಡಿದಳು: ಬಾಡಿಗೆ ಮನೆ, ಅಂಗಡಿಗಳ ವೈರಿಂಗ್ ತಪಾಸಣೆ. ಹೊಸ ಬಾಡಿಗೆದಾರ ಬರುವ ಮುಂಚೆ ಮಾಲೀಕರು ಕರೆಯುತ್ತಾರೆ. ಅಂಗಡಿಗಾದರೆ ಬ್ಯಾಂಕಿನವರೋ ವಿಮೆಯವರೋ ಕೇಳುತ್ತಾರೆ. ಅವಳು ಹೋಗಿ ಬೋರ್ಡು ಬಿಚ್ಚುತ್ತಾಳೆ, ಅರ್ತಿಂಗ್ ಅಳೆಯುತ್ತಾಳೆ, ತಪ್ಪಿದ್ದರೆ ಹೇಳುತ್ತಾಳೆ, ಸರಿಯಿದ್ದರೆ ಸಹಿ ಹಾಕುತ್ತಾಳೆ. ಬಾದಾಮಿಯಲ್ಲಿ ಪ್ರವಾಸಿಗರು ಇಳಿಯುವ ಸಣ್ಣ ಲಾಡ್ಜುಗಳು, ಬಾಗಲಕೋಟೆಯಲ್ಲಿ ನೌಕರರ ಬಾಡಿಗೆ ಮನೆಗಳು, ಹುನಗುಂದದಲ್ಲಿ ಮಳಿಗೆಗಳು.

“ನೀ ಎಂಥಾ ಡಾಕ್ಟರ ಲೇ?” ಎಂದು ಬಾಬುಸಾಬ ಚೇಷ್ಟೆ ಮಾಡುತ್ತಿದ್ದ. “ಬ್ಯಾನಿ ಇಲ್ಲದವರ ನಾಡಿ ಹಿಡದು ಫೀ ತಗೋತಿ.”

“ಬ್ಯಾನಿ ಬಂದ ಮ್ಯಾಲೆ ನಿನ್ನ ಕಡೆ ಕಳಸ್ತೇನಲ್ಲ, ಅಬ್ಬಾ. ನಿನ್ನ ಧಂದೆಗೇನು ಕಮ್ಮಿ?”

ಮಾಲೀಕರು ಅವಳನ್ನೇ ಹುಡುಕಿ ಕರೆಯಲು ಇನ್ನೊಂದು ಕಾರಣ ಇತ್ತು. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಹೆಂಗಸರಷ್ಟೇ ಇರುತ್ತಾರೆ. ಗಂಡಸು ವೈರ್‌ಮನ್ ಪಡಸಾಲೆಯಲ್ಲೇ ನಿಂತು ಮೀಟರ್ ಬೋರ್ಡು ನೋಡಿ ಹೊರಟುಬಿಡುತ್ತಾನೆ. ಅಡುಗೆಮನೆ, ಬಚ್ಚಲು ಹಾಗೇ ಉಳಿಯುತ್ತವೆ. ನಾಹಿದಾ ಒಳಗಿನ ತನಕ ಹೋಗುತ್ತಾಳೆ ಎಂದು ಎಲ್ಲರೂ ನಂಬಿದ್ದರು.

ಅವಳು ಚಾಳಿನ ಅಂಗಳ ಮುಟ್ಟಿದಾಗ ಹತ್ತೂವರೆ ಆಗುತ್ತ ಬಂದಿತ್ತು. ಗೋಡೆಗುಂಟ ಕೊಡಗಳ ಸಾಲು ಆಗಲೇ ಕೂತಿತ್ತು. ಪ್ಲಾಸ್ಟಿಕ್ ಡ್ರಮ್ಮುಗಳು, ನೀರೆಳೆಯುವ ಸಣ್ಣ ಮೋಟಾರುಗಳು, ಸುರುಳಿ ಸುತ್ತಿದ ಪೈಪುಗಳು. ಶಂಕರಲಿಂಗ ಬಿಳಿ ಅಂಗಿಯಲ್ಲಿ ನಡುವೆ ನಿಂತು ಬೆವರುತ್ತಿದ್ದ. ಮೆಟ್ಟಿಲ ಮೇಲೆ ರೂಬಿ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೂತಿದ್ದಳು. ಗಾರ್ಮೆಂಟಿಗೆ ಹೋಗುವ ಚುರುಕು ಹೆಂಗಸು, ಇವತ್ತು ನೀರಿನ ಸಲುವಾಗಿ ರಜೆ ಹಾಕಿದ್ದಳು.

“ಅಕ್ಕಾ, ನನಗಽ ಹೊಡೀತು ನೋಡು,” ಎಂದಳು. “ಐದು ಮನಿಯೊಳಗ ಆ ನಲ್ಲಿಗೆ ನಾನಽ ಸಿಕ್ಕೆ.”

“ನೀ ಸಿಕ್ಕಿದ್ದು ಚಲೋ ಆತು. ಚಪ್ಪಲಿ ಹಾಕ್ಕೊಳ್ಳಾಕಿ ನೀ ಒಬ್ಬಾಕಿನಽ ಇರಬೇಕು.”

ನಾಹಿದಾ ಕೈಗೆ ರಬ್ಬರ್ ಗವಸು ಹಾಕಿದಳು. ದಪ್ಪ ರಬ್ಬರ್ ತಳದ ಬೂಟು ಕಾಲಲ್ಲಿ ಇದ್ದೇ ಇತ್ತು. ಮೊದಲು ವೋಲ್ಟೇಜು ಅಳೆಯುವ ಮೀಟರನ್ನು ರೂಬಿಯ ಮನೆಯ ಪ್ಲಗ್ಗಿಗೆ ಹಿಡಿದಳು: ಇನ್ನೂರ ಮೂವತ್ತೊಂದು ವೋಲ್ಟ್. ಕರೆಂಟು ಇದೆಯೆಂದು ಗೊತ್ತಿರುವ ಜಾಗಕ್ಕೆ ಹಿಡಿದು, ಉಪಕರಣ ಸರಿ ಇದೆಯೆಂದು ಮೊದಲು ಖಚಿತ ಮಾಡಿಕೊಳ್ಳುವುದು ತಂದೆ ಕಲಿಸಿದ ಪಾಠ. ಆಮೇಲೆ ಒಂದು ಕಬ್ಬಿಣದ ಸಲಾಕೆಯನ್ನು ಅಂಗಳದ ಹಸಿ ಮಣ್ಣಿಗೆ ಹೊಡೆದು, ಮೀಟರಿನ ಒಂದು ಕಡ್ಡಿ ಅದಕ್ಕೆ, ಇನ್ನೊಂದು ನಲ್ಲಿಯ ಪೈಪಿಗೆ ತಾಗಿಸಿದಳು.

ಇನ್ನೂರ ಹದಿನೇಳು.

ಅವಳು ಜೋರಾಗಿ ಓದಿದಳು. ಅಂಕಿಯ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಸಾಲಿನಲ್ಲಿದ್ದ ಹೆಂಗಸೊಬ್ಬಳು ಮೊಮ್ಮಗಳನ್ನು ಎಳೆದು ಸೊಂಟಕ್ಕೆ ಒತ್ತಿಕೊಂಡಳು.

ಇಂಥ ದೋಷ ಹುಡುಕಲು ದಾರಿ ಸರಳ. ಒಂದೊಂದೇ ಮನೆಯ ಮೇನ್ ಆರಿಸುತ್ತ ಬರಬೇಕು. ಯಾವ ಮನೆ ಆರಿದಾಗ ಪೈಪಿನ ವೋಲ್ಟೇಜು ಬೀಳುತ್ತದೋ ದೋಷ ಆ ಮನೆಯದು. ರೂಬಿಯ ಕೈಗೆ ಒಣ ಗವಸು ಕೊಟ್ಟು, ಕಡ್ಡಿಗಳನ್ನು ಹೇಗೆ ಹಿಡಿಯಬೇಕೆಂದು ತೋರಿಸಿ, ಅಂಕಿ ಬದಲಾದರೆ ಕೂಗಲು ಹೇಳಿ ನಾಹಿದಾ ಮೊದಲ ಮನೆಗೆ ಹೋದಳು.

“ಹೆಂಗೈತಿ?”

“ಅಷ್ಟಽ ಐತಿ!”

ಎರಡನೆಯ ಮನೆ. ಅಷ್ಟೇ. ಮೂರನೆಯದು ರೂಬಿಯದೇ. ಅಷ್ಟೇ. ನಾಲ್ಕನೆಯದು ಗುರುಸಿದ್ದವ್ವನದು, ಕೂಡಲಸಂಗಮಕ್ಕೆ ವರ್ಷಕ್ಕೊಮ್ಮೆ ನಡೆದು ಹೋಗುವ ಎಪ್ಪತ್ತರ ಮುದುಕಿ, ಅಕ್ಕನ ಮಗ ಮಹಾಂತೇಶನ ಜೊತೆ ಇರುತ್ತಾಳೆ. ಮಹಾಂತೇಶ ಬೆಳಿಗ್ಗೆಯೇ ಗುಳೇದಗುಡ್ಡಕ್ಕೆ ಕುಪ್ಪಸದ ಕಣದ ಬಟ್ಟೆ ತರಲು ಹೋಗಿದ್ದ. ನಾಹಿದಾ ಪಡಸಾಲೆಯ ಮೇನ್ ಇಳಿಸಿದಳು. ಅಷ್ಟೇ. ಐದನೆಯ ಮನೆಯದನ್ನೂ ಇಳಿಸಿದಳು.

“ರೂಬಿ?”

“ಎರಡ ನೂರಾ ಹದಿನಾರು, ಹದಿನೇಳು. ಏನೂ ಆಗಿಲ್ಲಕ್ಕಾ!”

ಐದೂ ಮನೆಗಳಲ್ಲಿ ಕರೆಂಟು ಇಲ್ಲ. ಫ್ಯಾನು ನಿಂತಿದೆ, ಫ್ರಿಜ್ಜು ಸುಮ್ಮನಾಗಿದೆ. ಪೈಪಿನಲ್ಲಿ ಮಾತ್ರ ಪೂರ್ತಿ ಕರೆಂಟು.

“ನಿಮ್ಮ ಮಸೀನ್ ಸುಳ್ಳ ಹೇಳಾಕ ಹತ್ತೇತೇನ್ರಿ?” ಎಂದ ಶಂಕರಲಿಂಗ. “ಎಲ್ಲಾ ಬಂದ್ ಮಾಡೇವಿ. ಇನ್ನ ಕರೆಂಟು ಆಕಾಶದಿಂದ ಬರ್ತೈತೇನು?”

ಪ್ರಶ್ನೆ ಒರಟಾಗಿದ್ದರೂ ನ್ಯಾಯವಾಗಿತ್ತು. ಅವಳು ಮೂರನೆಯ ಮನೆಯ ಮೇನ್ ಒಂದು ಗಳಿಗೆ ಹಚ್ಚಿ ಮೀಟರನ್ನು ಮತ್ತೆ ಪ್ಲಗ್ಗಿಗೆ ಹಿಡಿದಳು. ಸರಿಯಿತ್ತು. ಆರಿಸಿದಳು. ಇಂಥ ಮೀಟರುಗಳು ಅತಿ ಸೂಕ್ಷ್ಮ. ಪಕ್ಕದ ತಂತಿಯ ಗಾಳಿ ಸೋಕಿದರೂ ಅಂಕಿ ತೋರಿಸುವುದುಂಟು. ಆದರೆ ರೂಬಿಗೆ ಹೊಡೆದದ್ದು ಗಾಳಿಯಲ್ಲ.

ಕಂಬದಲ್ಲೇ ಲೈನು ಕಡಿದರೆ? ಅವಳು ಲೈನ್‌ಮನ್ ಯುವರಾಜನಿಗೆ ಫೋನು ಹಚ್ಚಿದಳು. ಅವನು ಹೆದ್ದಾರಿಯಾಚೆ ಒಂದು ತೋಟದ ಕಂಬದ ಮೇಲೆ ಇದ್ದ. “ಅಕ್ಕಾರ, ಇಳದು ಬರಾಕ ಮುಕ್ಕಾಲ ತಾಸರೆ ಬೇಕ್ರಿ. ಅಲ್ಲೀತನಕ ಯಾರನ್ನೂ ಕಂಬ ಹತ್ತಸಬ್ಯಾಡ್ರಿ, ಕೈ ಮುಗೀತೇನಿ.” ಆಮೇಲೆ ಕಲ್ಲೇಶನಿಗೆ ಹಚ್ಚಿದಳು. ನೀರು ತಡೆದು ಬಿಡಬಹುದೇ?

“ಮ್ಯಾಲಿನ ಓಣಿ ಮುಗೀತ್ರಿ ಬಾಯಾರ, ನಿಮ್ಮ ಕಡೆ ಈಗಽ ತಿರಿವೀನಿ. ಎಷ್ಟೊತ್ತರ ಆಗಲಿ, ಬರ್ತೈತಿ.”

“ತಿರಿವಿದ್ದನ್ನ ಬಂದ್ ಮಾಡಪಾ.”

“ಅಯ್ಯ, ನಿಮ್ಮ ಒಂದು ಚಾಳಿಗೆ ಬ್ಯಾರೆ ವಾಲ್ವ ಇಲ್ರಿ. ಇಡೀ ಓಣಿ ನನ್ನ ಮನೀಗೆ ಕೊಡಾ ತಗೊಂಡು ಬರ್ತೈತಿ.”

ಈ ಮಾತು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಕೇಳಿದ್ದೇ ತಪ್ಪಾಯಿತು. ಹೆಂಗಸರು ಕೊಡ ಎತ್ತಿಕೊಂಡರು.

“ಮೇನ್ ಹಚ್ಚರಿ ಇನ್ನ, ಮೋಟಾರ ಹಚ್ಚಬೇಕು. ಒಂದು ವಾರ ಹೆಂಗ ಮಾಡೂದು?”

“ನಾವೇನು ನಲ್ಲಿ ಹಿಡಿಯಂಗಿಲ್ಲವ್ವ, ಕೊಡಾ ಕೆಳಗ ಇಡ್ತೇವಿ.”

“ಇಡುವಾಗ ಕೈ ತಾಗತೈತ್ರಿ,” ಎಂದಳು ನಾಹಿದಾ. “ಸ್ಟೀಲ ಕೊಡಾ ತಾಗಿದ್ರೂ ಅಷ್ಟಽ.”

“ಎರಡು ತಿಂಗಳ ಹಿಂದ ಈಕಿನಽ ಎಲ್ಲಾ ಸರಿ ಐತೆಂತ ಬರದ ಕೊಟ್ಟು ಹೋದ್ಲಲ್ಲ,” ಎಂದು ಐದನೆಯ ಮನೆಯವಳು ಯಾರಿಗೋ ಹೇಳಿದಳು. ನಾಹಿದಾಳಿಗೆ ಕೇಳಲೆಂದೇ ಹೇಳಿದಳು.

ಅದು ನಿಜವೇ ಆಗಿತ್ತು. ಎರಡು ತಿಂಗಳ ಹಿಂದೆ ಐದೂ ಮನೆಗೆ ಸಹಿ ಹಾಕಿದವಳು ಅವಳೇ. ಆಗ ಇದೇ ನಲ್ಲಿಗಳನ್ನು ಅಳೆದಿದ್ದಳು, ಸೊನ್ನೆ ಬಂದಿತ್ತು. ಪ್ರತಿ ಮನೆಗೂ ಸೋರಿಕೆ ಸ್ವಿಚ್ಚು ಹಾಕಿಸಿದ್ದಳು. ಮನೆಯೊಳಗೆ ಹೋದ ಕರೆಂಟು ಪೂರ್ತಿ ಮರಳಿ ಬರದೆ, ನಡುವೆ ನೆಲಕ್ಕೋ ಮನುಷ್ಯನ ಮೈಗೋ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ತಾನೇ ಬೀಳುವ ಸ್ವಿಚ್ಚು ಅದು. ರೂಬಿಗೆ ಹೊಡೆದಾಗ ಐದರಲ್ಲಿ ಒಂದೂ ಬಿದ್ದಿರಲಿಲ್ಲ. ಅಂದರೆ ಈ ಕರೆಂಟು ಆ ಸ್ವಿಚ್ಚುಗಳನ್ನು ಹಾದು ಬರುತ್ತಲೇ ಇಲ್ಲ.

ಅವಳು ಚೀಲದಿಂದ ಟೆಸ್ಟ್ ಲ್ಯಾಂಪ್ ತೆಗೆದಳು; ಎರಡು ಉದ್ದ ವೈರಿನ ತುದಿಗೆ ಒಂದು ಸಣ್ಣ ಬಲ್ಬು, ಅಷ್ಟೇ. ಮೀಟರು ಇಲ್ಲದ್ದನ್ನೂ ತೋರಿಸಬಹುದು; ಬಲ್ಬು ಉರಿಯಬೇಕಾದರೆ ನಿಜವಾದ ಕರೆಂಟು ಹರಿಯಬೇಕು. ಒಂದು ತುದಿಯನ್ನು ಸಲಾಕೆಗೆ ಬಿಗಿದು, ಇನ್ನೊಂದನ್ನು ಪೈಪಿಗೆ ಕಚ್ಚಿಸಿದಳು. ಬಲ್ಬು ಕೆಂಪಗೆ, ಮಂಕಾಗಿ, ನಿದ್ದೆಗಣ್ಣಿನ ಹಾಗೆ ಹತ್ತಿತು.

ಅದೇ ಹೊತ್ತಿಗೆ ನಾಲ್ಕನೆಯ ಮನೆಯ ಒಳಗಿನಿಂದ ಗುರುಸಿದ್ದವ್ವ ಕೂಗಿದಳು.

“ಬಂತವ್ವಾ! ಕರೆಂಟ ಬಂತು! ನನ್ನ ದೇವರ ಬಲ್ಬ ಹತ್ತೇತಿ!”

ಆ ಮನೆಯ ಮೇನ್ ಕೆಳಗಿತ್ತು. ನಾಹಿದಾ ಅದನ್ನು ತನ್ನ ಕೈಯಾರೆ ಇಳಿಸಿದ್ದಳು.

ಅವಳು ಪೈಪಿಗೆ ಕಚ್ಚಿಸಿದ ತುದಿಯನ್ನು ತೆಗೆದಳು.

“ಅಯ್ಯ, ಹೋತ ನೋಡು ಮತ್ತ.”

ತಾಗಿಸಿದಳು.

“ಬಂತು!”

ಎರಡು ಬಲ್ಬುಗಳು, ಒಂದು ಒಳಗೆ, ಒಂದು ಹೊರಗೆ, ಒಂದೇ ದಾರಿಯಲ್ಲಿ ಸಾಲಾಗಿ ಕೂತಿದ್ದವು. ಒಳಗಿನ ಬಲ್ಬಿನಿಂದ ಹೊರಟ ಕರೆಂಟು ಪೈಪಿಗೆ ಬಂದು, ಅವಳ ಬಲ್ಬು ಹಾದು, ನೆಲಕ್ಕೆ ಇಳಿಯುತ್ತಿತ್ತು. ಅರ್ಧರ್ಧ ಪಾಲು ಸಿಕ್ಕಿದ್ದರಿಂದ ಎರಡೂ ಮಂಕು. ಅವಳ ಟೆಸ್ಟ್ ಲ್ಯಾಂಪ್ ನಿಂತ ಜಾಗದಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ನಿಲ್ಲುವವಳಿದ್ದಳು.

“ಗುರುಸಿದ್ದವ್ವಾರ, ಆ ಬಲ್ಬ ಯಾವತ್ತ ಹೋಗಿತ್ತು?”

ಮುದುಕಿ ಹಿತ್ತಲ ಬಾಗಿಲಿಗೆ ಬಂದಳು. ಹಣೆ ತುಂಬ ವಿಭೂತಿ, ಕೈಯಲ್ಲಿ ನೆಲ ಒರೆಸುವ ಬಟ್ಟೆ. “ಮೊನ್ನೆ ಆ ನೀಲಿ ಪೈಪ ಹಾಕಿ ಹೋದ್ರಲ್ಲ, ಅವತ್ತಽ ಹೋತವ್ವ. ಸುಟ್ಟೇತಿ ಅಂದ್ಕೊಂಡೆ. ಹೊಸಾದು ತಾರೊ ಅಂದ್ರ ಮಹಾಂತ್ಯಾ ನಾಳಿ ನಾಡದ ಅಂತಾನ.”

“ಯಾವ ನೀಲಿ ಪೈಪು?” ನಾಹಿದಾ ಶಂಕರಲಿಂಗನ ಕಡೆ ತಿರುಗಿದಳು.

“ನೆಲದಾಗಿನ ಕಬ್ಬಿಣದ ತುಂಡು ತುಕ್ಕ ಹಿಡದು ಸೋರತಿತ್ರಿ. ಅದನ್ನ ತಗಸಿ ಪ್ಲಾಸ್ಟಿಕ್ ಹಾಕಿಸೇನಿ. ತಪ್ಪೇನ್ರಿ?”

ತಪ್ಪಲ್ಲ. ಅವಳಿಗೆ ಈಗ ಇಡೀ ದಾರಿ ಕಂಡಿತು. ಇಷ್ಟು ದಿನ ಆ ದೇವರ ಬಲ್ಬಿನ ಕರೆಂಟು ಕಬ್ಬಿಣದ ಪೈಪು ಹಿಡಿದು ನೆಲಕ್ಕೆ ಹೋಗುತ್ತಿತ್ತು. ಅದಕ್ಕೇ ನಲ್ಲಿಯಲ್ಲಿ ಸೊನ್ನೆ ಬಂದದ್ದು. ನೆಲದೊಳಗಿನ ತುಂಡು ಪ್ಲಾಸ್ಟಿಕ್ ಆದ ದಿನ ದಾರಿ ಕಡಿಯಿತು. ಬಲ್ಬು ಆರಿತು, ಆದರೆ ಸುಡಲಿಲ್ಲ. ಹೋಗಲು ದಾರಿಯಿಲ್ಲದ ಕರೆಂಟು ಪೈಪಿನಲ್ಲೇ ನಿಂತು, ಯಾರಾದರೂ ಮುಟ್ಟಲಿ ಎಂದು ಕಾಯುತ್ತಿತ್ತು.

ಆಗ ನಲ್ಲಿಗಳು ಉಸಿರು ಬಿಟ್ಟವು. ಮೊದಲು ಒಂದು, ಆಮೇಲೆ ಐದೂ. ನೀರಿಗಿಂತ ಮುಂಚೆ ಪೈಪಿನಿಂದ ನೂಕಿಬರುವ ಗಾಳಿಯ ಸದ್ದು ಅದು. ಆ ಸದ್ದಿಗೆ ಆ ಓಣಿಯ ಯಾವ ಹೆಂಗಸೂ ಕೂತಲ್ಲಿ ಕೂರುವುದಿಲ್ಲ. ಸಾಲು ಮುರಿಯಿತು. ರೂಬಿ ಮೀಟರು ಎದೆಗೆ ಒತ್ತಿ ಹಿಡಿದು, ಪೈಪಿಗೆ ಬೆನ್ನು ತಾಗದ ಹಾಗೆ ಅಡ್ಡ ನಿಂತು ಎರಡೂ ತೋಳು ಚಾಚಿದಳು.

“ಹಿಂದ ಸರೀರಿ! ನನಗ ಹೊಡದಿದ್ದ ನೋಡಿಲ್ಲೇನು? ಸಾಯೂದಿದ್ರ ಮುಂದಿನ ವಾರ ಸಾಯ್ರಿ, ಇವತ್ತ ನಾ ರಜಾ ಹಾಕೇನಿ!”

ಒಬ್ಬಿಬ್ಬರು ಅಂಥದರಲ್ಲೂ ನಕ್ಕರು. ನಗು ಅವರನ್ನು ಅರ್ಧ ಹೆಜ್ಜೆ ತಡೆಯಿತು.

ನಾಹಿದಾ ಗುರುಸಿದ್ದವ್ವನ ಹಿತ್ತಲ ಬಾಗಿಲಿನಿಂದ ಓಡಿ ಅಡುಗೆಮನೆಯ ಹೊಸ್ತಿಲಿಗೆ ಬಂದಳು. ಅಲ್ಲಿಗೆ ಕಾಲು ತಾವಾಗಿ ನಿಂತವು.

ಅಡುಗೆಮನೆಯಲ್ಲೇ ದೇವರ ಜಗಲಿ. ಬಸವಣ್ಣನ ಫೋಟೊ, ವಿಭೂತಿ ಗಟ್ಟಿ, ಎರಡು ಬಿಳಿ ಹೂವು, ಮೇಲೆ ಕೆಂಪು ಝೀರೋ ಬಲ್ಬು. ನೆಲ ಆಗತಾನೇ ಒರೆಸಿ ಒದ್ದೆಯಾಗಿತ್ತು. ಅವಳ ಬೂಟಿನ ತಳಕ್ಕೆ ಹುನಗುಂದದ ಬೇಕರಿಯ ಜಿಡ್ಡು, ಅಂಗಳದ ಕೆಸರು. ಎರಡು ತಿಂಗಳ ಹಿಂದೆಯೂ ಅವಳು ಇಲ್ಲೇ, ಇದೇ ಕಲ್ಲಿನ ಮೇಲೆ ನಿಂತಿದ್ದಳು.

ಯಾರೂ ಅವಳನ್ನು ತಡೆದಿರಲಿಲ್ಲ. ರಬ್ಬರ್ ಬೂಟು ಬಿಚ್ಚಿ ಬೋರ್ಡು ಮುಟ್ಟಬಾರದೆಂದು ಕಸಬಿನ ನಿಯಮ. ಬೂಟು ಹಾಕಿಕೊಂಡು ಅಡುಗೆಮನೆ ತುಳಿಯಬಾರದೆಂದು ಮನೆಯ ನಿಯಮ. ಅವಳ ತಾಯಿ ಶಮಶಾದಬಿ ತನ್ನ ಮನೆಯಲ್ಲೂ ನಮಾಜಿನ ಚಾಪೆ ಹಾಸುವ ಖೋಲಿಯ ಹತ್ತಿರ ಚಪ್ಪಲಿ ಸುಳಿಯಲು ಬಿಟ್ಟವಳಲ್ಲ. ಎರಡರಲ್ಲಿ ಒಂದನ್ನೂ ಮುರಿಯಲು ಮನಸ್ಸು ಬಾರದೆ ನಾಹಿದಾ ತನಗೆ ತಾನೇ ಮೂರನೆಯ ನಿಯಮ ಮಾಡಿಕೊಂಡಿದ್ದಳು: ಹೊಸ್ತಿಲಲ್ಲಿ ನಿಂತು, ಕತ್ತು ಚಾಚಿ ನೋಡಿ, ಒಳಗೆ ಏನೇನಿದೆ ಎಂದು ಮನೆಯಾಕೆಯನ್ನು ಕೇಳುವುದು. “ಒಂದ ಟ್ಯೂಬು, ಒಂದ ಮಿಕ್ಸರ್ ಪ್ಲಗ್ಗು, ಒಂದ ದೇವರ ಬಲ್ಬು,” ಎಂದು ಅಂದು ಗುರುಸಿದ್ದವ್ವ ಹೇಳಿದ್ದಳು. ನಾಹಿದಾ ಸಹಿ ಹಾಕಿದ್ದಳು. ಆ ಬಲ್ಬಿನ ವೈರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಫೋಟೊದ ಹಿಂದೆ ಇಣುಕಿರಲಿಲ್ಲ.

“ಬೂಟ ಹಾಕ್ಕೊಂಡಽ ಬಾರವ್ವ,” ಎಂದಳು ಗುರುಸಿದ್ದವ್ವ. “ಶಿವ ಏನೂ ಅನ್ನಂಗಿಲ್ಲ.”

“ಊಟದ ಮಣಿ ಅದಾವೇನ್ರಿ? ಒಣಾ ಮಣಿ?”

ಮುದುಕಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಗೋಡೆಗೆ ಆನಿಸಿಟ್ಟ ಎರಡು ಮರದ ಮಣೆಗಳನ್ನು ಒದ್ದೆ ನೆಲದ ಮೇಲೆ ಒಂದರ ಮುಂದೊಂದು ಜಾರಿಸಿದಳು. ನಾಹಿದಾ ಒಂದೇ ಎಳೆತಕ್ಕೆ ಲೇಸು ಸಡಿಲಿಸಿ ಬೂಟು ಕಳಚಿ, ಹೊಸ್ತಿಲಿನಿಂದ ಮೊದಲ ಮಣೆಗೆ, ಅಲ್ಲಿಂದ ಎರಡನೆಯದಕ್ಕೆ ದಾಟಿದಳು. ಒಣಗಿದ ಮರ ಕರೆಂಟಿಗೆ ದಾರಿ ಕೊಡುವುದಿಲ್ಲ. ಆದರೆ ಮಣೆಯ ಕಾಲು ಗಿಡ್ಡ, ಅಂಚಿಗೆ ಪಾದ ಜಾರಿದರೆ ಒದ್ದೆ ನೆಲ.

“ಗ್ವಾಡಿ ಮುಟ್ಟಬ್ಯಾಡ್ರಿ, ನನ್ನೂ ಮುಟ್ಟಬ್ಯಾಡ್ರಿ. ನಾ ಬಿದ್ರೂ ಹಿಡೀಬ್ಯಾಡ್ರಿ.”

“ಬಿಡತು ಅನ್ನು!”

ಹೊರಗೆ ನೀರು ಬಂತು. ಯಾವುದೋ ನಲ್ಲಿ ತೆರೆದೇ ಇತ್ತು, ನೀರು ಕಲ್ಲಿನ ಮೇಲೆ ಬೀಳುವ ಸದ್ದು, ಅದರ ಮೇಲೆ ಹೆಂಗಸರ ಗದ್ದಲ, ಅದರ ಮೇಲೆ ರೂಬಿಯ ದನಿ, ಕೊನೆಗೆ ಶಂಕರಲಿಂಗನ ದನಿ: “ಏ ತಂಗಿ, ಕೊಡಾ ಇಳಸು! ಇಳಸಂತ ಹೇಳಾಕ್ಹತ್ತೇನಿ!”

ನಾಹಿದಾ ಗವಸಿನ ಕೈಯಿಂದ ಬಲ್ಬು ಹಿಡಿದಳು. ಹೋಲ್ಡರು ಹಳೆಯದು, ಬಲ್ಬಿನ ಪಿನ್ನು ತುಕ್ಕಿಗೆ ಅಂಟಿಕೊಂಡಿತ್ತು. ಒತ್ತಿದಳು. ತಿರುಗಲಿಲ್ಲ. ಜೋರು ಮಾಡಿದರೆ ಗಾಜು ಒಡೆಯುತ್ತದೆ, ಒಡೆದರೆ ಬರಿಯ ತಂತಿ ಉಳಿಯುತ್ತದೆ. ಉಸಿರು ಹಿಡಿದು ಒಳಕ್ಕೆ ಒತ್ತಿ, ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು, ಮತ್ತೆ ಎಡಕ್ಕೆ. ಸಣ್ಣಗೆ ಕಿರ್ ಎಂದಿತು. ಬಲ್ಬು ಕೈಗೆ ಬಂತು.

“ರೂಬಿ!”

ಉತ್ತರ ಬರಲಿಲ್ಲ.

“ರೂಬಿ, ಎಷ್ಟೈತಿ ಹೇಳು!”

“ತಡಿಯಕ್ಕಾ, ಕಡ್ಡಿ ಜಾರೇತಿ… ಹಿಡದೆ. ಸೊನ್ನಿ! ಸೊನ್ನಿ ಆತು!”

“ಯಾರೂ ಮುಟ್ಟಬ್ಯಾಡ್ರಿ ಇನ್ನೂ!”

ಅವಳು ಮಣೆ ದಾಟಿ, ಬೂಟು ಮೆಟ್ಟಿ ಹೊರಗೆ ಬಂದಳು. ರೂಬಿಯ ಮೇನ್ ಹಚ್ಚಿಸಿ, ಮೀಟರನ್ನು ಪ್ಲಗ್ಗಿಗೆ ಹಿಡಿದು, ಅದು ಜೀವಂತ ಇದೆಯೆಂದು ನೋಡಿ, ಮತ್ತೆ ಪ್ರತಿಯೊಂದು ನಲ್ಲಿಗೂ ಹಿಡಿದಳು. ಐದಕ್ಕೂ ಸೊನ್ನೆ. ಆಮೇಲೆ ಗವಸು ಕಳಚಿ, ಬೆರಳಿನ ಹಿಂಬದಿಯಿಂದ ಮೊದಲ ನಲ್ಲಿಯನ್ನು ತಾನೇ ಮುಟ್ಟಿದಳು. ತಣ್ಣಗಿತ್ತು.

“ತುಂಬಿಕೊಳ್ರಿ,” ಎಂದಳು.

ಮುಂದಿನ ಅರ್ಧ ತಾಸು ಯಾರಿಗೂ ಯಾರ ಮಾತೂ ಬೇಕಾಗಿರಲಿಲ್ಲ. ಕೊಡಗಳು ತುಂಬಿದವು. ಆ ಗದ್ದಲದ ನಡುವೆ ನಾಹಿದಾ ಗುರುಸಿದ್ದವ್ವನ ಮನೆಯೊಳಗೆ ಮಣೆಯ ಮೇಲೆ ನಿಂತು ಫೋಟೊ ಸರಿಸಿ ನೋಡಿದಳು. ಬಲ್ಬಿನ ಒಂದು ವೈರನ್ನು ಮಹಾಂತೇಶ ಮೇನ್ ಸ್ವಿಚ್ಚಿಗಿಂತ ಮುಂಚಿನ ಲೈನಿನಿಂದಲೇ ಎಳೆದು ತಂದಿದ್ದ. ದೇವರ ದೀಪ ಮೇನ್ ಆರಿಸಿದರೂ ಆರಬಾರದಲ್ಲ. ಇನ್ನೊಂದು ವೈರನ್ನು ಇಲಿ ಕಡಿದ ಮೇಲೆ, ಗೋಡೆಯ ತೂತಿನಿಂದ ಬಚ್ಚಲಿನ ನೀರಿನ ಪೈಪಿಗೆ ಸುತ್ತಿಬಿಟ್ಟಿದ್ದ. ದೀಪ ಹತ್ತಿತ್ತು, ಹತ್ತಿದ ಮೇಲೆ ಯಾರೂ ಕೇಳಲಿಲ್ಲ. ಝೀರೋ ಎಂದು ಹೆಸರು, ಎಳೆಯುವುದು ಹದಿನೈದು ವಾಟ್. ಒಬ್ಬಳ ಎದೆ ಬಡಿತ ನಿಲ್ಲಿಸಲು ಅಷ್ಟು ಬೇಕಾದಷ್ಟಾಯಿತು.

ಯುವರಾಜ ಬಂದು ಕಂಬದಲ್ಲಿ ಲೈನು ಬಿಡಿಸಿದ ಮೇಲೆ ಅವಳು ಆ ಎರಡೂ ವೈರುಗಳನ್ನು ಕಿತ್ತು ಕೈಗೆ ಸುತ್ತಿಕೊಂಡಳು.

ಈಗ ನಾಹಿದಾಳ ಸ್ಕೂಟರಿಗೆ ಸುತ್ತಿಟ್ಟ ರಬ್ಬರ್ ಚಾಪೆಯೊಂದು ಸದಾ ಕಟ್ಟಿರುತ್ತದೆ. ಬೂಟು ಹೊರಗೆ ಬಿಟ್ಟು, ಚಾಪೆ ಹಾಸಿ, ಅದರ ಮೇಲೆ ನಿಂತು ಅವಳು ಅಡುಗೆಮನೆಯ ಮೂಲೆಮೂಲೆ ನೋಡುತ್ತಾಳೆ; ದೇವರ ಫೋಟೊವನ್ನು ಮನೆಯಾಕೆಯ ಕೈಯಿಂದಲೇ ಸರಿಸಿಸುತ್ತಾಳೆ. ಬಾಬುಸಾಬ ಅದಕ್ಕೂ ಚೇಷ್ಟೆ ಮಾಡುತ್ತಾನೆ: “ಡಾಕ್ಟರಗ ಹಾಸಿಗಿನೂ ಬಂತು.” ಅವಳ ಕೆಲಸ ಒಂದು ವರ್ಷ ಅರ್ಧಕ್ಕೆ ಇಳಿದು, ಮತ್ತೆ ನಿಧಾನಕ್ಕೆ ಏರಿದೆ. ಇಳಿಯಲು ಕಾರಣ ಆ ದಿನ ಅಂಗಳದಲ್ಲಿ ಅವಳು ಆಡಿದ ಒಂದು ಮಾತು.

ಅಂದು ನೀರು ನಿಂತಿತ್ತು. ಹೆಂಗಸರು ಸೆರಗು ಹಿಂಡುತ್ತ ನಿಂತಿದ್ದರು. ಶಂಕರಲಿಂಗ ಅವಳಿಗೆ ಚಹಾ ತರಿಸಿ, ಪಕ್ಕಕ್ಕೆ ಕರೆದು ದನಿ ಇಳಿಸಿದ. ಎಷ್ಟು ಇಳಿಸಿದರೂ ಆ ಅಂಗಳದಲ್ಲಿ ಎಲ್ಲರಿಗೂ ಕೇಳುತ್ತದೆ.

“ಆಗಿದ್ದ ಆತು ಬಾಯಾರ. ದೇವರ ಕಣ್ಣ ಬಿಟ್ಟ, ಯಾರಿಗೂ ಏನೂ ಆಗಿಲ್ಲ. ಮಹಾಂತೇಶನ ತಪ್ಪು ಅಂತ ಮುಗಸೂಣು. ನೀವು ನೋಡಿರಲಿಲ್ಲ ಅನ್ನೂದು ಹೊರಗ ಹೋದ್ರ ನಾಳಿ ನಿಮ್ಮನ್ನ ಯಾರು ಕರೀತಾರ?”

“ಮಹಾಂತೇಶಗ ವೈರಿಂಗ್ ಗೊತ್ತಿಲ್ರಿ. ನನಗ ಗೊತ್ತೈತಿ,” ಎಂದಳು ನಾಹಿದಾ.

“ನಾ ಏನು ನಿನ್ನ ತಡದಿದ್ನೇನವ್ವ ಅವತ್ತು?” ಗುರುಸಿದ್ದವ್ವ ನಡುವೆ ಬಾಯಿ ಹಾಕಿದಳು. “ನಾ ಬರಬ್ಯಾಡ ಅಂದಿದ್ನೇನು?”

“ಇಲ್ಲಬೇ. ನೀವು ಅನಲಿಲ್ಲ. ನಾನಽ ನಿಂತೆ.”

ಶಂಕರಲಿಂಗ ಲೋಟ ಕೆಳಗಿಟ್ಟ. ಅವನ ಹೆಂಡತಿಯ ತವರಿನವರದು ಬಾದಾಮಿಯಲ್ಲಿ ಲಾಡ್ಜು; ಭಾವನದು ನವನಗರದಲ್ಲಿ ಬಾಡಿಗೆ ಮನೆಗಳು. ಎಲ್ಲಕ್ಕೂ ಅವಳದೇ ಸಹಿ. ಅದು ಅವನಿಗೆ ಅದೇ ಕ್ಷಣ ಹೊಳೆದಂತಿತ್ತು.

“ಇದೊಂದಽ ಮನಿ ಹೌದಲ್ರಿ?” ಎಂದು ಕೇಳಿದ. “ಹಿಂಗ ಹೊಸ್ತಿಲದಾಗ ನಿಂತು ಸಹಿ ಮಾಡಿದ್ದು, ಇದೊಂದಽ?”

ಒಂದು ಎಂದರೆ ಸಾಕಿತ್ತು. ಅವನಿಗೂ ಅದೇ ಬೇಕಿತ್ತು, ಅಂಗಳಕ್ಕೂ ಅದೇ ಬೇಕಿತ್ತು. ನಾಹಿದಾ ಕೈಗೆ ಸುತ್ತಿಕೊಂಡ ವೈರನ್ನು ನೋಡುತ್ತ ಮನಸ್ಸಿನಲ್ಲೇ ಎಣಿಸತೊಡಗಿದಳು. ಬಾದಾಮಿಯ ಸ್ಟೇಶನ್ ರಸ್ತೆಯ ಮನೆಗಳು, ಹುನಗುಂದದಲ್ಲಿ ಅಂಗಡಿಯ ಮೇಲಿನ ಮನೆಗಳು, ನವನಗರದ ಒಂದೊಂದು ಅಡ್ಡರಸ್ತೆ, ಇಳಕಲ್ಲಿನಲ್ಲಿ ತನ್ನ ಮನೆಯ ಹಿಂದಿನ ಓಣಿ. ಅಡುಗೆಮನೆಯ ಒಂದೊಂದೇ ಹೊಸ್ತಿಲು ನೆನಪಿಗೆ ಬಂತು, ಒಂದೂ ತಪ್ಪಲಿಲ್ಲ. ಅವಳ ತುಟಿ ಅಲುಗುತ್ತಿದ್ದುದನ್ನು ರೂಬಿ ಕಂಡಳು. ಆಮೇಲೆ ಅವಳು ತಲೆ ಎತ್ತಿ, ಮೀಟರಿನ ಅಂಕಿ ಓದುವ ದನಿಯಲ್ಲೇ, ಐದೂ ಮನೆಗೆ ಕೇಳುವಂತೆ ಹೇಳಿದಳು:

“ನಲವತ್ತೇಳು.”